ಬೇಕರಿಗೆ ಜಿಎಸ್‌ಟಿ ನೋಟಿಸ್: ವಕೀಲರ ಹತ್ತಿರ ಹೋಗಬೇಕಾ, ಆಡಿಟರ್ ಸಾಕಾ?

ಪ್ರಶ್ನೆ: ಬೇಕರಿತಮ್ಮ

ರಾಣೆಬೆನ್ನೂರಿನಲ್ಲಿ ನಮ್ಮಣ್ಣನ ಬೇಕರಿ ಇದೆ, ಜಿಎಸ್‌ಟಿ ನೋಂದಣಿ ಇಲ್ಲ. 2022-23ರಲ್ಲಿ ಯುಪಿಐನಲ್ಲಿ 58 ಲಕ್ಷ ಬಂದಿದೆ ಅಂತ ಎಎಸ್‌ಎಂಟಿ-14 ನೋಟಿಸ್ ಕೊಟ್ಟಿದ್ದಾರೆ. ಅಷ್ಟಕ್ಕೂ ಶೇ 18 ಹಾಕಿ 10.44 ಲಕ್ಷ ತೆರಿಗೆ, ಅದರ ಮೇಲೆ ಬಡ್ಡಿ, ದಂಡ. ಹಾಲು, ಬ್ರೆಡ್ಡೂ ಮಾರ್ತೀವಿ. ಒಬ್ಬರು "ಪೂರ್ತಿ ಕ್ಯಾನ್ಸಲ್ ಮಾಡಿಸ್ತೀನಿ, ಉಳಿದಿದ್ದರಲ್ಲಿ ಶೇ 10 ನನಗೆ" ಅಂತಿದ್ದಾರೆ. ಅವರನ್ನು ನಂಬಬಹುದಾ? ಸರಿಯಾದವರನ್ನು ಹುಡುಕೋದು ಹೇಗೆ?

ಉತ್ತರ: ತೆರಿಗೆಕಟ್ಟೆ

ಎಎಸ್‌ಎಂಟಿ-14 ಅಂದರೆ ನೋಂದಣಿ ಇಲ್ಲದವರ ಮೇಲೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 63ರ ಕ್ರಮ. ಉತ್ತರಕ್ಕೆ 15 ದಿನ ಮಾತ್ರ. ಹಾಗಾಗಿ ಮೊದಲು ದಾಖಲೆ ಸಮೇತ ಇನ್ನಷ್ಟು ಸಮಯ ಕೇಳಿ ಎಲ್‌ಜಿಎಸ್‌ಟಿಒ (ಸ್ಥಳೀಯ ಜಿಎಸ್‌ಟಿ) ಕಚೇರಿಗೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸುಮ್ಮನಿದ್ದರೆ ಎಎಸ್‌ಎಂಟಿ-15 (ಅಧಿಕಾರಿಯೇ ತೆರಿಗೆ ನಿಗದಿ ಮಾಡುವ) ಆದೇಶ ಬರುತ್ತದೆ. "ಹಳೆ ಬಾಕಿ ಕೇಳಲ್ಲ ಅಂತ ಸರ್ಕಾರವೇ ಹೇಳಿದೆಯಲ್ಲ" ಎಂದು ಯಾರಾದರೂ ಹೇಳಿದರೆ, ಆ ಮಾತು ನಿಮ್ಮ ಫೈಲನ್ನು ಮುಚ್ಚುವುದಿಲ್ಲ.

ಅಧಿಕಾರಿಯ ಮುಂದೆ, ಮೊದಲ ಮೇಲ್ಮನವಿಯಲ್ಲಿ ವಕೀಲರಷ್ಟೇ ಅಲ್ಲ, ಸಿಎ, ಕಾಸ್ಟ್ ಅಕೌಂಟೆಂಟ್, ಜಿಎಸ್‌ಟಿ ಪ್ರ್ಯಾಕ್ಟೀಷನರ್ (ಇಲಾಖೆಯಲ್ಲಿ ನೋಂದಾಯಿತ ತೆರಿಗೆ ಸಲಹೆಗಾರ) ಕೂಡ ಹಾಜರಾಗಬಹುದು (ಸೆಕ್ಷನ್ 116). ಹೈಕೋರ್ಟಿಗೆ ವಕೀಲರೇ ಬೇಕು, ನಿಮಗೆ ಧಾರವಾಡ ಪೀಠ. ಈ ಹಂತಕ್ಕೆ ಲೆಕ್ಕ ಬಿಡಿಸಬಲ್ಲ ಸಿಎ ಸಾಕು ಎಂಬುದು ನನ್ನ ಅಭಿಪ್ರಾಯ.

ಶೇ 10ರ ಮಾತಾಡಿದವರು ವಕೀಲರೇ ಆಗಿದ್ದರೆ ಅಲ್ಲೇ ಕೈಬಿಡಿ. ಫಲಿತಾಂಶದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ಉತ್ತರ: ಧಾರವಾಡ ವಕೀಲ

ಅರ್ಹತೆ ನೋಡೋದು ಕಷ್ಟ ಅಲ್ರಿ. ವಕೀಲರಾದರೆ ಕೆಎಆರ್ ಅಂತ ಶುರುವಾಗುವ ನೋಂದಣಿ ಸಂಖ್ಯೆ ಕೇಳ್ರಿ. ಸಿಎ ಆದರೆ ಐಸಿಎಐ (ಸಿಎಗಳ ಸಂಸ್ಥೆ) ಸದಸ್ಯತ್ವ ಸಂಖ್ಯೆ. ಬೋರ್ಡಿನ ಮೇಲೆ ಆಡಿಟರ್ ಅಂತ ಬರೆದವರೆಲ್ಲ ಸಿಎ ಅಲ್ಲ. ಪ್ರ್ಯಾಕ್ಟೀಷನರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇನೇ ಹುಡುಕಬಹುದು. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಹಾಕಿದರ ಅವರ ಕೇಸುಗಳ ಪಟ್ಟಿ ಬರತೈತಿ. ಬರೀ ಚೆಕ್ ಬೌನ್ಸ್, ಜಮೀನು ವ್ಯಾಜ್ಯ ಇದ್ದರ ತೆರಿಗೆ ಕೆಲಸ ಅಲ್ಲಿಲ್ಲ ಅಂತ ತಿಳೀರಿ.

ಆದರ ನಿಜವಾದ ಪರೀಕ್ಷೆ ಅವರು ಕೇಳೋ ಪ್ರಶ್ನೆ. ನೋಟಿಸ್ ನೋಡಿದವರು ಇವನ್ನು ಕೇಳಬೇಕು: ಸರಕು ಮಾರೋರಿಗೆ ನೋಂದಣಿ ಮಿತಿಯಾದ 40 ಲಕ್ಷ ದಾಟಿದ್ದು ಯಾವ ತಿಂಗಳು? ಹಿಂದಿನ ವರ್ಷವೂ ದಾಟಿತ್ತೋ? ಅದೇ ಮೊದಲ ಸಲ ಆಗಿದ್ದರ, ದಾಟುವ ಮೊದಲಿನ ವಹಿವಾಟಿಗೆ ತೆರಿಗೆ ಇಲ್ಲ ಅಂತ ವಾದ ಇಡಬಹುದು. ಹಾಲು, ಬ್ರೆಡ್ ಮಿತಿ ಲೆಕ್ಕಕ್ಕೆ ಸೇರತಾವ, ಆದರ ಅವಕ್ಕ ತೆರಿಗೆ ಬೀಳಂಗಿಲ್ಲ. ಅದಕ್ಕೇ ಡೇರಿ ಬಿಲ್ ಬೇಕು. ಚೀಟಿ ಹಣ, ಕೈಸಾಲ ಅದೇ ಖಾತೆಗೆ ಬಂದಿದ್ದರ ಸಾಲುಸಾಲಾಗಿ ಗುರುತು ಹಾಕಿ ತೆಗೀಬೇಕು. ಉಳಿದದ್ದಕ್ಕೂ, ಗಿರಾಕಿ ಕೊಟ್ಟ ಬೆಲೆಯಲ್ಲೇ ತೆರಿಗೆ ಸೇರಿದೆ ಅಂತ ಜಿಎಸ್‌ಟಿ ನಿಯಮಗಳ ರೂಲ್ 35 ಹಿಡಿದರ ಪೂರ್ತಿ 58 ಲಕ್ಷದ ಮೇಲೂ 10.44 ಅಲ್ಲ, ಸುಮಾರು 8.85 ಲಕ್ಷ ಆಗತೈತಿ. ಇದ್ಯಾವುದನ್ನೂ ಕೇಳದೆ "ಎಷ್ಟು ಕೊಡ್ತೀರಿ" ಅಂದವರ ಕಡೆ ಹೋಗಬ್ಯಾಡ್ರಿ.

"ಸಿಎ ಸಾಕು" ಅನ್ನೋದಕ್ಕ ನನ್ನದೊಂದು ತಕರಾರು. ಉತ್ತರದಾಗ ಎತ್ತದ ಸಂಗತಿನ ಹೈಕೋರ್ಟಿನ ರಿಟ್‌ನಾಗ ಹೊಸದಾಗಿ ಎತ್ತೋದು ಕಷ್ಟ. ಲೆಕ್ಕ ಸಿಎ ಮಾಡಲಿ, ಕೊಡೋ ಮೊದಲು ಕರಡನ್ನು ತೆರಿಗೆ ವಕೀಲರು ಒಮ್ಮೆ ಓದಲಿ.

ಬೇಕರಿತಮ್ಮ

ಧನ್ಯವಾದ ಸರ್. ಒಳಗೆ ನಾಲ್ಕು ಟೇಬಲ್ ಇದೆ, ಚಹಾ, ಪಫ್ ಅಲ್ಲೇ ತಿಂತಾರೆ. ಅದನ್ನು ಹೇಳಬೇಕಾ?

ಉತ್ತರ: ತೆರಿಗೆಕಟ್ಟೆ

ಹೇಳಲೇಬೇಕು. ಎರಡಲಗಿನ ಕತ್ತಿ ಅದು. ಕೂರಿಸಿ ಬಡಿಸಿದ್ದು ಸೇವೆ. ಹಾಗಾದರೆ ಮಿತಿ 40 ಅಲ್ಲ, 20 ಲಕ್ಷ. ಆದರೆ ರೆಸ್ಟೋರೆಂಟ್ ದರ ಶೇ 5. ಯಾವುದು ನಿಮಗೆ ಹಗುರ ಎಂದು ಲೆಕ್ಕ ಹಾಕಿ ನಿರ್ಧರಿಸುವುದೇ ನೀವು ಫೀಸು ಕೊಡುವ ಕೆಲಸ.

ಉತ್ತರ: ಮಂಡಿಪೇಟೆ

ಫೀಸು ಒಟ್ಟಿಗೆ ಮಾತಾಡಬೇಡಿ. ಉತ್ತರಕ್ಕೆ ಎಷ್ಟು, ವಿಚಾರಣೆಗೆ ಎಷ್ಟು, ಮೇಲ್ಮನವಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಆದೇಶ ವಿರುದ್ಧ ಬಂದರೆ ಮೇಲ್ಮನವಿಗೆ 3 ತಿಂಗಳು, ತಕ್ಕ ಕಾರಣ ಇದ್ದರೆ ಇನ್ನೊಂದು ತಿಂಗಳು, ಅಷ್ಟೇ. ಆಗ ವಿವಾದಿತ ತೆರಿಗೆಯ ಶೇ 10 ಕಟ್ಟಬೇಕು. ಅದು ಚಲನ್‌ನಲ್ಲಿ ಸರ್ಕಾರಕ್ಕೆ ಹೋಗುವ ದುಡ್ಡು, ಯಾರ ಕೈಗೂ ನಗದು ಕೊಡಬೇಡಿ.

ಅಸಲು ಕಾಗದ ಕೊಡಬೇಡಿ, ಜೆರಾಕ್ಸ್ ಸಾಕು. ಪೋರ್ಟಲ್‌ನಲ್ಲಿ ತಾತ್ಕಾಲಿಕ ಐಡಿ ಮಾಡುವಾಗ ಮೊಬೈಲ್, ಇಮೇಲ್ ಅಣ್ಣನದೇ ಇರಲಿ. ಪ್ರ್ಯಾಕ್ಟೀಷನರ್ ನಂಬರ್ ಹಾಕಿದರೆ ಆದೇಶ ಅವರ ಫೋನಿಗೆ ಹೋಗುತ್ತೆ, ನಿಮಗೆ ಗೊತ್ತಾಗೋದು ಬ್ಯಾಂಕ್ ಖಾತೆ ಫ್ರೀಜ್ ಆದ ದಿನ.