ಇಂಟರ್‌ಕಾಮ್ ಲೈನ್ ಕಾರ್ಡ್: ರಿಸೀವರ್ ಎತ್ತಿದರೂ ರಿಂಗ್ ನಿಲ್ಲುವುದಿಲ್ಲ, ಮಳೆ ಬಂದರೆ ಸುಳ್ಳು ಆಫ್-ಹುಕ್ (ರಿಸೀವರ್ ಎತ್ತಿದ ಸೂಚನೆ)

ತೋಟದಲೈನ್:
ಕಾಫಿ ತೋಟಕ್ಕೆ ಎಂಟು ಫೋನ್‌ಗಳ ಇಂಟರ್‌ಕಾಮ್. ಲೈನ್ ಕಾರ್ಡ್ (ಪ್ರತಿ ಫೋನಿಗೆ ಬ್ಯಾಟರಿ, ರಿಂಗ್ ಕೊಡುವ ಸರ್ಕ್ಯೂಟ್) ಬಿಡಿ ಭಾಗಗಳಿಂದ ಕಟ್ಟಿದ್ದು. ಮೈನಸ್ 48 ವೋಲ್ಟ್ ಬ್ಯಾಟರಿ, ಎ (ಅರ್ತ್ ಕಡೆಯ), ಬಿ (ಮೈನಸ್ ಕಡೆಯ) ಎರಡೂ ತಂತಿಗೆ 200 ಓಮ್‌ನಂತೆ ಬ್ಯಾಟರಿ ಕೊಡುವ ಫೀಡ್ ರೆಸಿಸ್ಟರ್, ಬಿ ತಂತಿಯ ಸರಣಿಯಲ್ಲಿ ಪಿಸಿ817 ಆಪ್ಟೊ (ಕರೆಂಟ್ ಹರಿದರೆ ಒಳಗಿನ ಎಲ್‌ಇಡಿ ಬೆಳಗಿ ಸೂಚನೆ ಕೊಡುವ ಬಿಡಿಭಾಗ), ಮಾತಿಗೆ 600:600 ಟ್ರಾನ್ಸ್‌ಫಾರ್ಮರ್. ರಿಂಗ್ 75 ವೋಲ್ಟ್, 25 ಹರ್ಟ್ಜ್. ಲೈನನ್ನು ರಿಂಗ್ ಕಡೆಗೆ ತಿರುಗಿಸಲು ರಿಲೇ. ಅತಿ ದೂರದ ಫೋನ್ 1.8 ಕಿಮೀ, 0.5 ಮಿಮೀ ತಾಮ್ರದ ಜೋಡಿ. ತೊಂದರೆಗಳು ಇವು:

ಬೆಲ್ ಬಡಿಯುತ್ತಿರುವಾಗಲೇ ಎತ್ತಿದರೆ ಕಿವಿಗೆ ಗರ್ರ್ ಎಂದು ರಿಂಗ್ ಬಡಿಯುತ್ತದೆ, ಆ ಸುತ್ತು ಮುಗಿದ ಮೇಲಷ್ಟೇ ನಿಲ್ಲುತ್ತದೆ. ಎರಡು ರಿಂಗ್ ನಡುವೆ ಎತ್ತಿದರೆ ಏನೂ ತೊಂದರೆಯಿಲ್ಲ. ಮಳೆ ಹಿಡಿದರೆ ಯಾರೂ ಎತ್ತದಿದ್ದರೂ ಒಂದೆರಡು ಲೈನ್ ಆಫ್-ಹುಕ್ ತೋರಿಸುತ್ತವೆ. ಮಾತಾಡುವವರ ದನಿ ಅವರಿಗೇ ಜೋರಾಗಿ ಕೇಳಿಸುತ್ತದೆ, ಆಚೆಯವರ ದನಿ ಕ್ಷೀಣ. ತಂತಿ ಉದ್ದವಾಗಿರುವುದೇ ಕಾರಣವೇ? ಬ್ಯಾಟರಿಯನ್ನು 60 ವೋಲ್ಟ್‌ಗೆ ಏರಿಸಿದರೆ ಸರಿಹೋಗುತ್ತದೆಯೇ?

ಜೋಡಿತಂತಿ:
ಏರಿಸಬೇಡಿ. 0.5 ಮಿಮೀ ಜೋಡಿಗೆ ಹೋಗಿ ಬರುವ ದಾರಿ ಸೇರಿ ಕಿಮೀಗೆ ಸುಮಾರು 176 ಓಮ್, ಅಂದರೆ ನಿಮ್ಮ 1.8 ಕಿಮೀಗೆ 317. ಅದಕ್ಕೆ ಫೀಡ್ 400, ಫೋನ್ ಸುಮಾರು 200 ಕೂಡಿಸಿದರೆ 917 ಓಮ್, 52 ಮಿಲಿಆಂಪ್. ಫೋನಿಗೆ 20 ಮಿಲಿಆಂಪ್ ಸಿಕ್ಕರೂ ಸಾಕು. ತಂತಿ ನಿರಪರಾಧಿ.

ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ: ನಡುವಿನ ಮೌನದಲ್ಲಿ ಎತ್ತಿದರೆ ಸರಿ, ರಿಂಗ್ ವೇಳೆಯಲ್ಲಿ ತಪ್ಪು. ಆನ್-ಹುಕ್‌ನಲ್ಲಿ ಬೆಲ್ ಜೊತೆಗಿರುವ ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ, ಏಸಿಯನ್ನಷ್ಟೇ ಬಿಡುತ್ತದೆ. ರಿಸೀವರ್ ಎತ್ತಿದಾಗ ಡಿಸಿ ಹರಿಯತೊಡಗುತ್ತದೆ, ಎಕ್ಸ್‌ಚೇಂಜ್ ಗುರುತಿಸುವುದು ಅದನ್ನೇ. ರಿಲೇ ಎಳೆದಾಗ ನಿಮ್ಮ ಲೈನ್ ಬ್ಯಾಟರಿ, ಆಪ್ಟೊ ಎರಡರಿಂದಲೂ ಕಳಚಿಕೊಂಡು ಬರೀ ಏಸಿಗೆ ಸೇರುತ್ತಿರಬೇಕು. ರಿಂಗ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯ ಇನ್ನೊಂದು ತುದಿ ಎಲ್ಲಿದೆ?

ತೋಟದಲೈನ್:
ನೇರ ಅರ್ತ್‌ಗೆ.

ಜೋಡಿತಂತಿ:
ಅಲ್ಲೇ ಇದೆ ಎಡವಟ್ಟು. ಆ ತುದಿಯನ್ನು ಅರ್ತ್‌ನಿಂದ ಬಿಡಿಸಿ ಮೈನಸ್ 48ಕ್ಕೆ ಕೊಡಿ, ರಿಂಗ್ ಬ್ಯಾಟರಿಯ ಮೇಲೆ ಕೂತು ಹೋಗಲಿ. ಸೆಕೆಂಡರಿಯ ಮೇಲಿನ ತುದಿಯಿಂದ 200 ಓಮ್ ಮೂಲಕ ಬಿ ತಂತಿಗೆ, ಎ ತಂತಿಯಿಂದ ಇನ್ನೊಂದು 200 ಓಮ್ ಮೂಲಕ ಅರ್ತ್‌ಗೆ. ಎ ಕಡೆಯ ಈ 200 ಓಮ್ ಮೇಲೆ ಅಳೆಯಿರಿ.

ದೂರದ ಫೋನ್ ಎತ್ತಿದರೆ ಅಲ್ಲಿ ಅರ್ತ್‌ಗಿಂತ ಕೆಳಗೆ ಸುಮಾರು 10 ವೋಲ್ಟ್ ಡಿಸಿ ಬರುತ್ತದೆ, ಆದರೆ ಜೊತೆಗೆ 16 ವೋಲ್ಟ್‌ನಷ್ಟು ಏಸಿಯೂ ಇರುತ್ತದೆ. ಅದನ್ನು ಸೋಸಬೇಕು: 100 ಕಿಲೊಓಮ್, 0.47 ಮೈಕ್ರೋಫ್ಯಾರಡ್, ಮತ್ತೆ 100 ಕಿಲೊಓಮ್, 0.47. 25 ಹರ್ಟ್ಜ್ ಸುಮಾರು 58 ಪಟ್ಟು ತಗ್ಗುತ್ತದೆ. ಎರಡನೇ ಕೆಪಾಸಿಟರ್‌ನಿಂದ ಪ್ಲಸ್ 5 ವೋಲ್ಟ್‌ಗೆ 39 ಕಿಲೊಓಮ್ ಹಾಕಿ, ಇಲ್ಲದಿದ್ದರೆ ಎಲ್‌ಎಂ393 ಕಂಪ್ಯಾರೇಟರ್‌ಗೆ (ಎರಡು ವೋಲ್ಟೇಜ್ ಹೋಲಿಸುವ ಐಸಿ) ಮೈನಸ್ ವೋಲ್ಟೇಜ್ ಸಿಕ್ಕಿ ಅದು ತಪ್ಪಾಗಿ ವರ್ತಿಸಬಹುದು. ಆ ಬಿಂದು ಆನ್-ಹುಕ್‌ನಲ್ಲಿ 4.2, ದೂರದ ಫೋನ್ ಎತ್ತಿದರೆ 2.5, ಹತ್ತಿರದ್ದಾದರೆ 1.6 ವೋಲ್ಟ್. ಕಂಪ್ಯಾರೇಟರ್ ಮಟ್ಟ 3.3 ಇಡಿ. ದಾಟಿದ ಕೂಡಲೇ ಲ್ಯಾಚ್ ಮಾಡಿ (ಆ ಸ್ಥಿತಿಯನ್ನು ಹಿಡಿದಿಟ್ಟು) ರಿಲೇ ಬಿಡಿಸಿ.

ಈ ಸೋಸುವಿಕೆಯನ್ನು ಮಾಮೂಲಿ ಲೂಪ್ (ರಿಸೀವರ್ ಎತ್ತಿದಾಗ ಹರಿಯುವ ಡಿಸಿ) ಪತ್ತೆಗೂ ಬಳಸುವ ಆಸೆ ಬರುತ್ತದೆ, ಬೇಡ. ತಿರುಗಣೆ ಡಯಲ್‌ನ ಪಲ್ಸ್ ಸೆಕೆಂಡಿಗೆ 10, ಅದರಲ್ಲಿ ತಂತಿ ಕೂಡಿರುವ ಹೊತ್ತು ಬರೀ 33 ಮಿಲಿಸೆಕೆಂಡ್. ಈ ಫಿಲ್ಟರ್ ಅದನ್ನು ಕಲಸಿಬಿಡುತ್ತದೆ. ಲೂಪ್‌ಗೆ ಆಪ್ಟೊ ಹಾಗೇ ಇರಲಿ.

ಹಳೇಕಾರ್ಡ್:
ಮಳೆಯ ವಿಷಯ. ಪಿಸಿ817 ಒಂದೇ ಮಿಲಿಆಂಪ್‌ಗೂ ಎಚ್ಚರವಾಗುತ್ತದೆ. ನೆನೆದ ಜಾಯಿಂಟ್‌ನಲ್ಲಿ 10 ಕಿಲೊಓಮ್ ಸೋರಿಕೆಯಾದರೆ ಹರಿಯುವುದು ಸುಮಾರು 5 ಮಿಲಿಆಂಪ್, ನಿಮ್ಮ ಕಾರ್ಡಿಗೆ ಅದೇ ಆಫ್-ಹುಕ್. ಎಲ್‌ಇಡಿಗೆ ಸರಣಿಯಲ್ಲಿ 220 ಓಮ್ ಸೇರಿಸಿ, ಈ ಎರಡಕ್ಕೂ ಅಡ್ಡಲಾಗಿ 120 ಓಮ್ ಹಾಕಿ. ಮಟ್ಟ 12 ಮಿಲಿಆಂಪ್ ಸುತ್ತ ಬರುತ್ತದೆ. ಲೈನ್ ಪೂರ್ತಿ ಶಾರ್ಟ್ ಆಗಿ 120 ಮಿಲಿಆಂಪ್ ಹರಿದರೂ ಎಲ್‌ಇಡಿಗೆ ಹೋಗುವುದು 40ರೊಳಗೆ. ಬರೀ 120 ಓಮ್ ಹಾಕಿ ಕೈತೊಳೆದುಕೊಂಡರೆ ಎಲ್‌ಇಡಿ ಸುಡುತ್ತದೆ. ಇದರಿಂದ ಎರಡು ತಂತಿಯ ಸಮತೋಲ ತಪ್ಪಿ 50 ಹರ್ಟ್ಜ್ ಗುಂಯ್ ಎನ್ನಬಾರದೆಂದರೆ ಎ ತಂತಿಯಲ್ಲೂ ಅಂಥದೇ ಜೋಡಣೆ ಇರಲಿ. ಎರಡೂ ಆಪ್ಟೊ ಹೌದೆಂದರೆ ಮಾತ್ರ ಆಫ್-ಹುಕ್ ಎಂದು ಪರಿಗಣಿಸಿ. ಒಂದೇ ತಂತಿ ಅರ್ತ್‌ಗೆ ಸೋರಿದ್ದೂ ಇದರಿಂದಲೇ ಗೊತ್ತಾಗುತ್ತದೆ. ಆದರೂ ಜಾಯಿಂಟ್ ಸರಿಮಾಡಲೇಬೇಕು. ಎರಡೂ ತುದಿ ಬಿಡಿಸಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ. ಮೆಗಓಮ್‌ಗಿಂತ ಕೆಳಗಿದ್ದರೆ ಜಾಯಿಂಟ್ ಹುಡುಕಿ.

ಇನ್ನು ದನಿ. ರೆಸಿಸ್ಟರ್ ಫೀಡ್‌ನ ತಪ್ಪು ಇದು. ಮಾತಿನ ಏಸಿಗೆ ಬ್ಯಾಟರಿ ಎಂದರೆ ಶಾರ್ಟ್, ಹಾಗಾಗಿ ನಿಮ್ಮ 400 ಓಮ್ ಲೈನಿಗೆ ಅಡ್ಡಲಾಗಿ ಕೂತಿದೆ. 600ರ ಟ್ರಾನ್ಸ್‌ಫಾರ್ಮರ್ ಜೊತೆ ಸೇರಿ ಫೋನಿಗೆ ಕಾಣುವುದು 240 ಓಮ್. ಸ್ವಂತ ದನಿಯನ್ನು ತಗ್ಗಿಸುವ, ಫೋನಿನೊಳಗಿನ ಸೈಡ್‌ಟೋನ್ ಜಾಲದ ಲೆಕ್ಕ ಅದಕ್ಕಲ್ಲ, ಆದ್ದರಿಂದ ಸ್ವಂತ ದನಿ ಜೋರು. ಬರುವ ದನಿಯ ಬಹುಪಾಲನ್ನು ಫೀಡ್ ನುಂಗುತ್ತದೆ. ಸ್ಟ್ರೌಜರ್ (ಹಳೆಯ ಯಾಂತ್ರಿಕ ಎಕ್ಸ್‌ಚೇಂಜ್) ಕಾಲದಲ್ಲಿ ರಿಲೇ ಕಾಯಿಲ್‌ಗಳ ಮೂಲಕವೇ ಬ್ಯಾಟರಿ ಕೊಡುತ್ತಿದ್ದದ್ದು ಸುಮ್ಮನೆ ಅಲ್ಲ: ಡಿಸಿಗೆ 200 ಓಮ್, ಮಾತಿಗೆ ಗೋಡೆ. ಒಂದೇ ಕೋರಿನ ಮೇಲೆ ಎರಡು ಸುತ್ತು, ತಲಾ 200 ಓಮ್, ತಲಾ 1 ಹೆನ್ರಿ ಇರುವ ಕಾಯಿಲ್ ಹಾಕಿ. ಸರಣಿಯಲ್ಲಿ ಸೇರಿ 4 ಹೆನ್ರಿಯಾಗಿ 300 ಹರ್ಟ್ಜ್‌ಗೆ 7.5 ಕಿಲೊಓಮ್ ಬರುತ್ತದೆ. ಕೋರಿಗೆ ಏರ್ ಗ್ಯಾಪ್ ಬೇಕು, 50 ಮಿಲಿಆಂಪ್ ಡಿಸಿಗೆ ಸ್ಯಾಚುರೇಟ್ ಆದರೆ ಇಂಡಕ್ಟೆನ್ಸ್ ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಡಿಸಿ ಹೋಗದಂತೆ 2.2 ಮೈಕ್ರೋಫ್ಯಾರಡ್, 250 ವೋಲ್ಟ್ ಪಾಲಿಯೆಸ್ಟರ್ ಕೆಪಾಸಿಟರ್ ಇರಲಿ.

ಅಂದಹಾಗೆ, 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ, ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜ್‌ಗೂ ಪ್ರತಿ ಲೈನಿಗೆ ಇವೇ ಕೆಲಸಗಳು: ಬ್ಯಾಟರಿ, ರಕ್ಷಣೆ, ರಿಂಗ್, ಮೇಲ್ವಿಚಾರಣೆ, ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವುದು), ಹೈಬ್ರಿಡ್ (ಹೋಗುವ, ಬರುವ ದನಿ ಬೇರ್ಪಡಿಸುವುದು), ಪರೀಕ್ಷೆ. ನಿಮ್ಮದರಲ್ಲಿ ಕೋಡೆಕ್ ಬೇಡ, ಮಿಕ್ಕದ್ದು ಬಹುಪಾಲು ಬೇಕು. ಸಿಡಿಲಿಗೆ ಏನು ಹಾಕಿದ್ದೀರಿ?

ತೋಟದಲೈನ್:
ಏನೂ ಇಲ್ಲ. 90 ವೋಲ್ಟ್‌ನ ಗ್ಯಾಸ್ ಟ್ಯೂಬ್ (ವೋಲ್ಟೇಜ್ ಮಿತಿ ಮೀರಿದರೆ ಹೊತ್ತಿ ಅರ್ತ್‌ಗೆ ಹಾಯಿಸುವುದು) ಇದೆ, ಅದನ್ನೇ ಹಾಕಲೇ?

ಹಳೇಕಾರ್ಡ್:
ಬೇಡ. ರಿಂಗ್‌ನ ಶಿಖರ 106 ವೋಲ್ಟ್, ಚಾರ್ಜ್ ಆಗುತ್ತಿರುವ ಬ್ಯಾಟರಿ 54, ಒಟ್ಟು 160. ಪ್ರತಿ ರಿಂಗ್‌ಗೂ ಆ ಟ್ಯೂಬ್ ಹೊತ್ತಿಕೊಳ್ಳುತ್ತದೆ. 230 ವೋಲ್ಟ್‌ನ ಮೂರು ಕಾಲಿನ ಟ್ಯೂಬ್ ಎರಡೂ ತುದಿಗೆ, ನಡುಕಾಲು ಒಳ್ಳೆ ಅರ್ತ್‌ಗೆ. ಎರಡು ತಂತಿಗೆ ಬೇರೆ ಬೇರೆ ಟ್ಯೂಬ್ ಹಾಕಿದರೆ ಒಂದು ಮೊದಲು ಹೊತ್ತಿ ಇನ್ನೊಂದರ ಪೂರ್ತಿ ಸರ್ಜ್ ಫೋನಿನ ಮೂಲಕವೇ ಹಾಯುತ್ತದೆ. ಟ್ಯೂಬ್ ಆದ ಮೇಲೆ ಕಾರ್ಡಿನ ಕಡೆಗೆ ಪ್ರತಿ ತಂತಿಯಲ್ಲೂ ಒಂದು ಪಿಟಿಸಿ (ಬಿಸಿಯಾದರೆ ಕರೆಂಟ್ ತಡೆಯುವ ರೆಸಿಸ್ಟರ್), ಎರಡರದ್ದೂ ಒಂದೇ ಬೆಲೆಯದ್ದು.