ಅಪ್‌ಡೇಟ್: ಸಂರಕ್ಷಣಾ ಜೀವಶಾಸ್ತ್ರದ ಕೋರ್ಸ್‌ಗೆ ಸೇರಿದೆ, ಗಣಿತ ಬೇಕೇ ಬೇಕು

ಸಂರಕ್ಷಣಾ ಜೀವಶಾಸ್ತ್ರ, ಅಂದರೆ ಕಾಡುಜೀವಿಗಳನ್ನು ಅಳಿಯದಂತೆ ಉಳಿಸುವ ವಿಜ್ಞಾನ, ಓದಲು ಪ್ರಾಣಿಗಳ ಮೇಲೆ ಪ್ರೀತಿ ಇದ್ದರೆ ಸಾಕಾ, ಗಣಿತವೂ ಬೇಕಾ ಅಂತ ಹಿಂದೆ ಕೇಳಿದ್ದೆ. ಮೊದಲ ಸೆಮಿಸ್ಟರ್ ಮುಗಿಯಿತು. ‘ಸ್ಟಾಟಿಸ್ಟಿಕ್ಸ್ ಬಿಟ್ಟರೆ ಗತಿಯಿಲ್ಲ’ ಎಂದವರ ಮಾತೇ ನಿಜ.

ನನಗೆ ಜಾಸ್ತಿ ಹಿಡಿಸಿದ್ದು ಪ್ರಾಣಿಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವ ಲೆಕ್ಕ. ಮೊದಲು 50 ಕಪ್ಪೆಗಳಿಗೆ ಗುರುತು ಹಾಕಿದಿರಿ ಅನ್ನಿ. ಎರಡನೇ ಸಲ ಸಿಕ್ಕ 40ರಲ್ಲಿ 10ಕ್ಕೆ, ಅಂದರೆ ಕಾಲು ಭಾಗಕ್ಕೆ, ಗುರುತಿದ್ದರೆ, ಆ 50 ಕೂಡ ಒಟ್ಟಿನ ಕಾಲು ಭಾಗ; ಹಾಗಾಗಿ ಅಲ್ಲಿರುವ ಕಪ್ಪೆಗಳು ಒಟ್ಟು ಸುಮಾರು 200. ಇಷ್ಟು ಸುಲಭ! ಆದರೆ ಒಮ್ಮೆ ಸಿಕ್ಕ ಪ್ರಾಣಿ ಹೆದರಿ ಮತ್ತೆ ಬಲೆಯ ಹತ್ತಿರ ಸುಳಿಯದಿದ್ದರೆ? ಗುರುತಿದ್ದವು ಕಡಿಮೆ ಸಿಗುವುದರಿಂದ ಅಂದಾಜು ನಿಜಕ್ಕಿಂತ ಜಾಸ್ತಿ ಬರುತ್ತದೆ. ಅಳಿವಿನಂಚಿನ ಪ್ರಾಣಿಯ ವಿಷಯದಲ್ಲಿ ಇದು ಅಪಾಯ ಅಲ್ವಾ? ಇದನ್ನೆಲ್ಲ ಸರಿದೂಗಿಸುವ ಮಾದರಿಗಳಿಗೇ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಾರೆ.

ಜೆನೆಟಿಕ್ಸ್ ಕೂಡ ಇದೆ. ಸಾವಿರ ಪ್ರಾಣಿಗಳಿದ್ದರೂ ಸಂತಾನ ಬೆಳೆಸುವ ಗಂಡುಗಳು ಬೆರಳೆಣಿಕೆಯಷ್ಟಿದ್ದರೆ, ತಳಿಯ ಲೆಕ್ಕದಲ್ಲಿ ಆ ಗುಂಪು ತುಂಬಾ ಚಿಕ್ಕದು. ಕಾನೂನು, ಅರ್ಥಶಾಸ್ತ್ರದ ಪಾಠಗಳೂ ಇವೆ, ಸ್ವಲ್ಪ ಬೋರು.

ಕಾಡಿನ ಕೆಲಸ ಅಂದುಕೊಂಡದ್ದಕ್ಕಿಂತ ಕಡಿಮೆ, ಲ್ಯಾಪ್‌ಟಾಪ್ ಕೆಲಸ ಜಾಸ್ತಿ. ಆದರೂ ಬಿಡುವ ಯೋಚನೆ ಇಲ್ಲ. ಮುಂದಿನ ಸೆಮಿಸ್ಟರ್‌ಗೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಕೋರ್ಸ್ ತೆಗೆದುಕೊಂಡಿದ್ದೇನೆ.