ಚಳಿಗಾಲ ಬಂದರೆ ಮಗಳಿಗೆ ಉಬ್ಬಸ ಜಾಸ್ತಿ, ಹೊಗೆಯೇ ಕಾರಣವಾ?

ಪ್ರಶ್ನೆ: ಮಗಳಿಗೆ 9 ವರ್ಷ, ಆಸ್ತಮಾ ಇದೆ. ದಿನಾ ಬೆಂಗಳೂರಿನ ವಾಹನ ದಟ್ಟಣೆಯ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಶಾಲೆಗೆ ಹೋಗುತ್ತಾಳೆ. ಮಳೆಗಾಲದಲ್ಲಿ ಆರಾಮಾಗಿರುತ್ತಾಳೆ, ಡಿಸೆಂಬರ್ ಬಂದರೆ ಕೆಮ್ಮು, ಎದೆಯಲ್ಲಿ ಸುಯ್ ಸದ್ದು. ಮಾಸ್ಕ್ ಹಾಕಿದರೆ ಸಾಕಾ?

ಉತ್ತರ 1: ಹೊಗೆಯ ಪಾಲೂ ಇರಬಹುದು. ಆಸ್ತಮಾ ಇದ್ದವರ ಉಸಿರಿನ ಕೊಳವೆ ಮೊದಲೇ ಊದಿಕೊಂಡಿರುತ್ತದೆ, ಅದಕ್ಕೆ ಡೀಸೆಲ್ ಹೊಗೆಯ ಸಣ್ಣ ಕಣ ಮತ್ತು ನೈಟ್ರೋಜನ್ ಡೈಆಕ್ಸೈಡ್ ಅನಿಲ ತಾಗಿದರೆ ಇನ್ನೂ ಬಿಗಿಯಾಗಿ ಕಫ ಕಟ್ಟುತ್ತದೆ. ಮಳೆ ಗಾಳಿಯನ್ನು ತೊಳೆಯುತ್ತದೆ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇಳದೆ ನೆಲದ ಹತ್ತಿರವೇ ನಿಲ್ಲುತ್ತದೆ, ಒಣ ತಣ್ಣನೆ ಗಾಳಿಯೂ ಕೆರಳಿಸುತ್ತದೆ. ಪಿಎಂ 2.5ಕ್ಕೆ, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40! ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್‌ನಲ್ಲಿ ಹಸಿರು ಬಣ್ಣ ಕಂಡಿತು ಅಂತ ಸುಮ್ನೆ ಇರಬೇಡಿ.

ಉತ್ತರ 2: ಬಟ್ಟೆ ಮಾಸ್ಕ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಎನ್95 ಕಣಗಳನ್ನು ತಡೆಯುತ್ತದೆ, ಆದರೆ ಮುಖಕ್ಕೆ ಬಿಗಿಯಾಗಿ ಕೂರಬೇಕು, ಅನಿಲಗಳನ್ನಂತೂ ತಡೆಯುವುದಿಲ್ಲ. ಮನೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ನಿಲ್ಲಿಸಿ. ಅದೂ ಹೊಗೆಯೇ ಅಲ್ವಾ?

ಉತ್ತರ 3: ಡಾಕ್ಟರು ದಿನಾ ತೆಗೆದುಕೊಳ್ಳುವ ಇನ್ಹೇಲರ್ ಕೊಟ್ಟಿದ್ದರೆ, ಚೆನ್ನಾಗಿದ್ದಾಳೆ ಅಂತ ನೀವೇ ಬಿಡಿಸಬೇಡಿ. ತಕ್ಷಣಕ್ಕೆ ಬೇಕಾಗುವ ಇನ್ಹೇಲರ್ ಶಾಲೆ ಬ್ಯಾಗಿನಲ್ಲೇ ಇರಲಿ, ಟೀಚರ್‌ಗೂ ತಿಳಿಸಿ. ಅದಕ್ಕೂ ಉಬ್ಬಸ ಇಳಿಯದಿದ್ದರೆ, ಮಾತಾಡಲು ಉಸಿರು ಸಾಲದಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಿ.